ದೊಡ್ಡಪ್ಪನ ಎನ್‌ಲಾರ್ಜರ್ ಲೆನ್ಸಿಗೆ ಬೂಷ್ಟು ಹಿಡಿದಿದೆ, ಮನೆಯಲ್ಲೇ ಬಿಚ್ಚಬಹುದಾ?

ಶಿರಸಿ ಸೋನೆ · ಜೂನ್ 14, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ದೊಡ್ಡಪ್ಪ ಶಿರಸಿಯಲ್ಲಿ ಮೂವತ್ತು ವರ್ಷ ಸ್ಟುಡಿಯೋ ನಡೆಸಿದವರು. ಡಿಜಿಟಲ್ ಬಂದ ಮೇಲೆ ಬಾಗಿಲು ಹಾಕಿದರು. ನೆಗೆಟಿವ್ ಚಿತ್ರವನ್ನು ದೊಡ್ಡದು ಮಾಡಿ ಪೇಪರಿನ ಮೇಲೆ ಬೀಳಿಸುವ ಎನ್‌ಲಾರ್ಜರ್ ಮಾತ್ರ ಅಟ್ಟದ ಮೇಲೆ ಗೋಣಿಚೀಲ ಹೊದ್ದು ಕೂತಿತ್ತು. ಹೋದ ಚಳಿಗಾಲದಲ್ಲಿ ಅದನ್ನು ಇಳಿಸಿದೆ. ಬಚ್ಚಲಮನೆಯನ್ನೇ ಡಾರ್ಕ್‌ರೂಮ್ ಮಾಡಿಕೊಂಡು ಕಪ್ಪು-ಬಿಳುಪು ಪ್ರಿಂಟ್ ಹಾಕುತ್ತಿದ್ದೇನೆ. ಲೆನ್ಸ್ ಎಲ್-ನಿಕ್ಕೋರ್ 50 ಮಿಮೀ, ಎಫ್ 2.8.

ತೊಂದರೆ ಏನೆಂದರೆ, ಯಾವ ಪ್ರಿಂಟಿನಲ್ಲೂ ಬಿಳಿ ಬಿಳಿಯಾಗಿ ಬರುತ್ತಿಲ್ಲ. ಪಂಚೆ, ಮೋಡ, ಹಲ್ಲು, ಎಲ್ಲವೂ ಬೂದಿ ಬಣ್ಣ. ದೊಡ್ಡಪ್ಪನಿಗೆ ತೋರಿಸಿದೆ. "ಪೇಪರ್ ಸರಿ ಇಲ್ಲ" ಅಂದರು. ಸ್ಟುಡಿಯೋದ ಕೊನೆಯ ವರ್ಷಗಳಲ್ಲೂ ಹೀಗೇ ಆಗುತ್ತಿತ್ತಂತೆ. ಪೇಪರ್ ತಂದುಕೊಡುತ್ತಿದ್ದವನ ಜೊತೆ ಇದೇ ವಿಷಯಕ್ಕೆ ಜಗಳ ಆಡಿ ಮಾತು ಬಿಟ್ಟಿದ್ದರು. ನಾನು ಬೇರೆ ಕಡೆಯಿಂದ ಹೊಸ ಪೇಪರ್ ತರಿಸಿದೆ. ಅದೂ ಹಾಗೇ.

ನಿನ್ನೆ ಸುಮ್ನೆ ಲೆನ್ಸ್ ಕಳಚಿ, ದೀಪ ಆರಿಸಿ, ಹಿಂದಿನಿಂದ ಟಾರ್ಚ್ ಹಿಡಿದು ನೋಡಿದೆ. ಅಂಚಿನಲ್ಲಿ ಜೇಡರ ಬಲೆ ಥರ ಎಳೆಗಳು. ನಡುವೆ ತೆಳ್ಳಗೆ ಹಾಲು ಬಳಿದ ಹಾಗೆ ಮಂಜು. ಹಗಲಲ್ಲಿ ಇದೇ ಲೆನ್ಸ್ ಥಳಥಳ ಅನ್ನುತ್ತಿತ್ತು!

ಒಬ್ಬ ರಿಪೇರಿಯವರಿಗೆ ಫೋಟೋ ಕಳಿಸಿದೆ. "ಇದಕ್ಕೆಲ್ಲ ಈಗ ಕೈ ಹಾಕಲ್ಲ, ಬೇರೆ ತಗೊಳ್ಳಿ" ಅಂದರು. ದೊಡ್ಡಪ್ಪನದು ಒಂದೇ ಮಾತು: "ಬಿಚ್ಚಬೇಡ."

ಇದರ ಜೊತೆ, ಬೆಂಗಳೂರಿನ ಸಂಡೇ ಬಜಾರಿನಲ್ಲಿ ಕೊಂಡ ಹೆಲಿಯೋಸ್ 44-2 ಎಂಬ ಹಳೆಯ ಕ್ಯಾಮೆರಾ ಲೆನ್ಸ್ ಒಂದಿದೆ. ಅದರ ಫೋಕಸ್ ರಿಂಗ್ ತಿರುಗಿಸಲು ಜಟ್ಟಿಯೇ ಬೇಕು. ಇವೆರಡನ್ನೂ ನಾನೇ ಬಿಚ್ಚಬಹುದಾ? ನನ್ನ ಹತ್ತಿರ ಇರುವುದು ಒಂದು ಸ್ಕ್ರೂಡ್ರೈವರ್ ಸೆಟ್ಟು ಮತ್ತು ಆಸೆ.

ಹೆಲಿಯೋಸ್ ಹುಚ್ಚ · ಜೂನ್ 14, ರಾತ್ರಿ 10:05

ಬಿಚ್ಚಿ ಬಿಚ್ಚಿ! ಹೈಡ್ರೋಜನ್ ಪೆರಾಕ್ಸೈಡ್ ಅರ್ಧ, ಅಮೋನಿಯಾ ಅರ್ಧ. ಗಾಜುಗಳನ್ನು ರಾತ್ರಿ ಅದರಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಎದ್ದರೆ ಫಂಗಸ್ ಮಾಯ. ನಾನು ಮೂರು ಲೆನ್ಸ್ ಹಾಗೇ ಮಾಡಿದ್ದೇನೆ.

ಕತ್ತಲಕೋಣೆ · ಜೂನ್ 15, ಬೆಳಿಗ್ಗೆ 6:20

ಸೋನೆಯವರೇ, ಇನ್ನೂ ಸ್ಕ್ರೂಡ್ರೈವರ್ ಮುಟ್ಟಬೇಡಿ. ಟಾರ್ಚ್ ಹಿಡಿದು ನೋಡಿದರೆ ಹೊಸ ಲೆನ್ಸಿನಲ್ಲೂ ಏನಾದರೂ ಕಾಣುತ್ತದೆ. ಅಂಚಿನ ನಾಲ್ಕು ಎಳೆಗೆ ಹೆದರಿ ಲೆನ್ಸ್ ಬಿಚ್ಚಿ ಹಾಳು ಮಾಡಿಕೊಂಡವರೇ ಜಾಸ್ತಿ. ಚಿತ್ರ ಕೆಡುತ್ತಿರುವುದು ಲೆನ್ಸಿನಿಂದಲೇ ಹೌದಾ, ಅದು ಮೊದಲು ಗೊತ್ತಾಗಬೇಕು.

ನೀವು ಹೇಳಿದ ಒಂದು ಮಾತು ನನಗೆ ಹಿಡಿಸಿತು. ಬಿಳಿ ಬೂದಿಯಾಗುತ್ತಿದೆ ಅಂದಿರಿ. ಕಪ್ಪು ಹೇಗಿದೆ? ಗಟ್ಟಿಯಾಗಿಯೇ ಬರುತ್ತಿರಬೇಕು, ಅಲ್ವಾ?

ಯಾಕೆ ಕೇಳಿದೆ ಅಂದರೆ, ಕ್ಯಾಮೆರಾ ಲೆನ್ಸಿನಲ್ಲಿ ಮಂಜು ಇದ್ದರೆ ಬೆಳಕಿನ ಜಾಗದಿಂದ ಬೆಳಕು ಚೆದುರಿ ನೆರಳಿನ ಜಾಗಕ್ಕೆ ಬೀಳುತ್ತದೆ. ನೆರಳು ಬಿಳಿಚಿಕೊಳ್ಳುತ್ತದೆ. ಎನ್‌ಲಾರ್ಜರಿನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಹಾದು ಬರುವುದು ನೆಗೆಟಿವ್. ನೆಗೆಟಿವ್‌ನಲ್ಲಿ ತೆಳ್ಳಗಿರುವುದು ನೆರಳಿನ ಭಾಗ, ಹಾಗಾಗಿ ಜಾಸ್ತಿ ಬೆಳಕು ಅಲ್ಲಿಂದಲೇ ಬರುತ್ತದೆ. ಆ ಬೆಳಕು ಚೆದುರಿ, ಪೇಪರಿನಲ್ಲಿ ಬಿಳಿಯಾಗಿ ಉಳಿಯಬೇಕಾದ ಜಾಗಕ್ಕೆ ಬೀಳುತ್ತದೆ. ಬಿಳಿ ಬೂದಿಯಾಗುತ್ತದೆ. ಕ್ಯಾಮೆರಾ ಲೆನ್ಸಿನ ರೋಗ ಕಪ್ಪಿನಲ್ಲಿ ಕಾಣುತ್ತದೆ, ಎನ್‌ಲಾರ್ಜರ್ ಲೆನ್ಸಿನ ರೋಗ ಬಿಳಿಯಲ್ಲಿ. ಸ್ಟುಡಿಯೋದವರಿಗೂ ಇದು ಬೇಗ ಹೊಳೆಯುವುದಿಲ್ಲ, ಯಾಕೆಂದರೆ ಹಳೆಯ ಪೇಪರ್ ಕೂಡ ಹೀಗೇ ಕಾಣುತ್ತದೆ.

ಪತ್ತೆ ಹಚ್ಚುವುದು ಸುಲಭ. ಡೆವಲಪ್ ಆದ, ಆದರೆ ಏನೂ ತೆಗೆಯದ ಖಾಲಿ ಫಿಲ್ಮ್ ತುಂಡು ತೆಗೆದುಕೊಳ್ಳಿ. ರೋಲಿನ ತುದಿಯಲ್ಲಿ ಸಿಗುತ್ತದೆ. ಅದರ ಮಧ್ಯಕ್ಕೆ ಅಕ್ಕಿಕಾಳಿನಷ್ಟು ಕಪ್ಪು ಟೇಪ್ ಅಂಟಿಸಿ. ಪ್ರಿಂಟ್ ಹಾಕಿ, ಸುತ್ತ ಪೂರ್ತಿ ಕಪ್ಪಾಗುವಷ್ಟು ಬೆಳಕು ಕೊಡಿ. ಈಸೆಲ್ (ಪೇಪರ್ ಹಿಡಿದಿಡುವ ಚೌಕಟ್ಟು) ಪಟ್ಟಿಯ ಅಡಿಯ ಅಂಚು ಬೆಳ್ಳಗಿದ್ದು ಟೇಪಿನ ಜಾಗ ಮಾತ್ರ ಬೂದಿಯಾಗಿದ್ದರೆ ತಪ್ಪು ಲೆನ್ಸಿನದು. ಅಂಚೂ ಬೂದಿಯಾಗಿದ್ದರೆ ಪೇಪರ್, ಡೆವಲಪರ್ ಅಥವಾ ಸೇಫ್‌ಲೈಟ್ (ಡಾರ್ಕ್‌ರೂಮಿನ ಮಂದ ದೀಪ) ಕಡೆ ನೋಡಿ.

ಲ್ಯಾಬ್ ಮೇಡಂ · ಜೂನ್ 15, ಬೆಳಿಗ್ಗೆ 8:15

> ರಾತ್ರಿ ಅದರಲ್ಲಿ ಮುಳುಗಿಸಿಡಿ

ಹುಚ್ಚ ಅವರೇ, ನಿಮ್ಮ ಹೆಸರಿಗೆ ತಕ್ಕ ಸಲಹೆ ಇದು. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವವಳು, ಅದಕ್ಕೇ ಸುಮ್ಮನಿರಲು ಆಗುತ್ತಿಲ್ಲ.

ಪೆರಾಕ್ಸೈಡ್ ಫಂಗಸ್ ಕೊಲ್ಲುತ್ತದೆ, ನಿಜ. ಮೆಡಿಕಲ್ ಶಾಪಿನಲ್ಲಿ 20 ವಾಲ್ಯೂಮ್ ಎಂದು ಸಿಗುವುದು ಸುಮಾರು 6 ಪರ್ಸೆಂಟ್. ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿದರೆ 3 ಪರ್ಸೆಂಟ್ ಆಗುತ್ತದೆ, ಅದು ಸಾಕು. ಅಮೋನಿಯಾ ಬೇಕೇ ಬೇಕು ಅಂತಿಲ್ಲ. ಹಾಕಿದರೂ ತೆಳ್ಳಗಿನದು, ನಾಲ್ಕು ಹನಿ. ಕಿಟಕಿ ತೆರೆದಿರಲಿ. ಕನ್ನಡಕ ಹಾಕಿಕೊಳ್ಳಿ. ಬೆರೆಸಿದ್ದನ್ನು ಬಾಟಲಿಗೆ ತುಂಬಿ ಮುಚ್ಚಳ ಹಾಕಿಡಬೇಡಿ, ಒಳಗೆ ಗ್ಯಾಸ್ ತುಂಬುತ್ತದೆ. ಬ್ಲೀಚಿಂಗ್ ಪೌಡರ್ ಅಥವಾ ಬಾತ್‌ರೂಮ್ ತೊಳೆಯುವ ಬ್ಲೀಚ್ ಹತ್ತಿರ ಅಮೋನಿಯಾ ಸುಳಿಯಲೇಬಾರದು. ಅದರಿಂದ ಬರುವ ಹೊಗೆ ವಿಷ. ನಿಮ್ಮ ಡಾರ್ಕ್‌ರೂಮ್ ಬಚ್ಚಲಮನೆಯಲ್ಲೇ ಇರುವುದರಿಂದ ಇನ್ನೊಮ್ಮೆ ಹೇಳುತ್ತಿದ್ದೇನೆ.

ಇನ್ನು ಮುಳುಗಿಸುವ ವಿಷಯ. ಒಂಟಿ ಗಾಜನ್ನು ಇಪ್ಪತ್ತು ನಿಮಿಷ ಇಡಬಹುದು. ಎರಡು ಗಾಜು ಅಂಟಿಸಿದ ಜೋಡಿಯನ್ನು ಯಾವ ದ್ರವದಲ್ಲೂ ಮುಳುಗಿಸಬಾರದು. ಹಳೆಯ ಲೆನ್ಸುಗಳಲ್ಲಿ ಅಂಟು ಅಂದರೆ ಕೆನಡಾ ಬಾಲ್ಸಮ್, ಒಂದು ಮರದ ರಾಳ. ಆಲ್ಕೋಹಾಲ್, ಅಸಿಟೋನ್ ಅಂಚಿನಿಂದ ನುಗ್ಗಿದರೆ ಅದು ಬಿಡಲು ಶುರುವಾಗುತ್ತದೆ. ಜೋಡಿಯನ್ನು ಒರೆಸಬೇಕು, ಅಷ್ಟೇ.

ಮತ್ತೆ ನೀವು ಹೇಳಿದ ಹಾಲಿನಂಥ ಮಂಜು ಫಂಗಸ್ ಅಲ್ಲದೇ ಇರಬಹುದು. ಅದು ಎಣ್ಣೆಯ ಪದರ. ಅದಕ್ಕೆ ಪೆರಾಕ್ಸೈಡ್ ಏನೂ ಮಾಡುವುದಿಲ್ಲ.

ಹೆಲಿಯೋಸ್ ಹುಚ್ಚ · ಜೂನ್ 15, ಬೆಳಿಗ್ಗೆ 9:02

ಮೇಡಂ, ನನ್ನ ಮೂರರಲ್ಲಿ ಒಂದಕ್ಕೆ ಈಗ ಗಾಜಿನ ನಡುವೆ ಕಾಮನಬಿಲ್ಲಿನ ಥರ ಬಣ್ಣ ಕಾಣುತ್ತಿದೆ. ಅದು ಇದೇನಾ?

ಲ್ಯಾಬ್ ಮೇಡಂ · ಜೂನ್ 15, ಬೆಳಿಗ್ಗೆ 9:10

ಅದೇ.

ಶಿರಸಿ ಸೋನೆ · ಜೂನ್ 17, ರಾತ್ರಿ 11:30

ಟೇಪ್ ಪರೀಕ್ಷೆ ಮಾಡಿದೆ. ಕತ್ತಲಕೋಣೆಯವರಿಗೆ ದೊಡ್ಡ ನಮಸ್ಕಾರ. ಸುತ್ತ ಕಾಡಿಗೆ ಕಪ್ಪು. ಈಸೆಲ್ ಅಂಚು ಹಾಲಿನ ಬಿಳಿ. ಟೇಪಿನ ಜಾಗ ಬೂದಿ! ಟೇಪಿನ ಅಂಚೂ ಚೂಪಾಗಿಲ್ಲ, ಸುತ್ತ ಹೊಗೆ ಕವಿದ ಹಾಗಿದೆ.

ನಾನು ಇಷ್ಟು ದಿನ ನಾಲ್ಕನೇ ಗ್ರೇಡ್ ಫಿಲ್ಟರ್ ಹಾಕಿ ಹೇಗೋ ಕಾಂಟ್ರಾಸ್ಟ್, ಅಂದರೆ ಕಪ್ಪು-ಬಿಳುಪಿನ ಅಂತರ, ಎಳೆಯುತ್ತಿದ್ದೆ. ದೊಡ್ಡಪ್ಪನೂ ಕೊನೆಗೆ ನಾಲ್ಕನೇ ಗ್ರೇಡ್ ಪೇಪರನ್ನೇ ತರಿಸುತ್ತಿದ್ದರಂತೆ. ಪ್ರಿಂಟ್ ತೋರಿಸಿದರೆ ಅವರು ಒಪ್ಪಲಿಲ್ಲ. "ಟೇಪಿನ ಮೂಲಕ ಬೆಳಕು ಹಾದಿರಬೇಕು" ಅಂದರು. ಎರಡು ಪದರ ಅಂಟಿಸಿ ಮತ್ತೆ ಹಾಕಿದೆ. ಹಾಗೇ ಬಂತು. ಆಮೇಲೆ ಮಾತಾಡದೆ ಅಡಿಕೆ ಕತ್ತರಿಸುತ್ತಾ ಕೂತರು.

ಬಿಚ್ಚುವುದು ಅಂತ ತೀರ್ಮಾನ ಆಯಿತು. ಏನೇನು ಬೇಕು?

ತಿರುಪುಮೊಳೆ · ಜೂನ್ 18, ಮಧ್ಯಾಹ್ನ 1:40

ನೋಡ್ರಿ ಸರ, ನಮ್ಮದು ಹುಬ್ಬಳ್ಳಿಯಲ್ಲಿ ವಾಚ್ ರಿಪೇರಿ ಅಂಗಡಿ ಇತ್ತು. ಅಪ್ಪ ವಾಚ್ ಮಾಡುತ್ತಿದ್ದರು, ನಾನು ಮಗ್ಗುಲಲ್ಲಿ ಕೂತು ಕ್ಯಾಮೆರಾ ಕೆಡಿಸುತ್ತಿದ್ದೆ. ಕೆಡಿಸಿ ಕಲಿತದ್ದನ್ನು ಹೇಳುತ್ತೇನೆ.

ಮೊದಲನೆಯದು, ನೀವು ಎನ್‌ಲಾರ್ಜರ್ ಲೆನ್ಸಿನಿಂದ ಶುರು ಮಾಡುತ್ತಿರುವುದು ಒಳ್ಳೆಯದಾಯಿತು. ಅದರಲ್ಲಿ ಫೋಕಸ್ ಮಾಡುವ ಯಂತ್ರವೇ ಇಲ್ಲ. ಫೋಕಸ್ ಆಗುವುದು ಎನ್‌ಲಾರ್ಜರಿನ ಬೆಲ್ಲೋಸಿನಲ್ಲಿ. ಬರೀ ಒಂದು ಕೊಳವೆ, ಮಧ್ಯದಲ್ಲಿ ಅಪರ್ಚರ್ (ತೆಳು ಬ್ಲೇಡುಗಳಿಂದ ಹಿಗ್ಗಿ ಕುಗ್ಗುವ ಬೆಳಕಿನ ಕಿಂಡಿ), ಮುಂದೊಂದು ಗಾಜಿನ ಗುಂಪು, ಹಿಂದೊಂದು. ನಿಮ್ಮದರಲ್ಲಿ ನಾಲ್ಕು ಗುಂಪಿನಲ್ಲಿ ಆರು ಗಾಜು. ಹೊರಗಿನ ಎರಡು ಒಂಟಿ, ಅಪರ್ಚರಿನ ಅಕ್ಕಪಕ್ಕ ಇರುವುದು ಅಂಟಿಸಿದ ಜೋಡಿ. ಮಂಜು ಸಾಮಾನ್ಯವಾಗಿ ಕೂರುವುದು ಅಪರ್ಚರಿಗೆ ಮುಖ ಮಾಡಿದ ಗಾಜಿನ ಮೇಲೆ. ಬ್ಲೇಡಿನ ಹತ್ತಿರದ ಗ್ರೀಸ್ ಹಳೆಯದಾದಾಗ ಎಣ್ಣೆ ಬಿಡುತ್ತದೆ, ಮೇಲಿನಿಂದ ಬಲ್ಬಿನ ಬಿಸಿ. ಆವಿ ಎದ್ದು ಗಾಜಿಗೆ ಹಿಡಿಯುತ್ತದೆ. ಮುಂದಿನ ಗುಂಪು, ಹಿಂದಿನ ಗುಂಪು ಎರಡನ್ನೂ ಬಿಚ್ಚಿದರೆ ಆ ಮುಖಗಳು ಕೈಗೆ ಸಿಗುತ್ತವೆ. ಅಪರ್ಚರ್ ಬ್ಲೇಡ್ ಮಾತ್ರ ಮುಟ್ಟಬೇಡಿ. ಒಂದು ಬ್ಲೇಡ್ ಕಳಚಿದರೆ ಎಲ್ಲವೂ ಕಳಚಿದ ಹಾಗೆ. ಅವನ್ನು ಮತ್ತೆ ಕೂರಿಸುವಾಗ ಉಸಿರು ಬಿಟ್ಟರೂ ಹಾರುತ್ತವೆ.

ಸಾಮಾನು: ಮುಂದಿನ ಹೆಸರಿನ ರಿಂಗ್ ಬಿಚ್ಚಲು ರಬ್ಬರ್. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ರಬ್ಬರ್ ಬಿರಡೆ ಸಿಗುತ್ತದೆ. ಇಲ್ಲದಿದ್ದರೆ ಔಷಧಿ ಬಾಟಲಿ ಮುಚ್ಚಳಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿ. ಗಾಜಿಗೆ ತಾಗಬಾರದು, ರಿಂಗಿಗೆ ಮಾತ್ರ ಕೂರಬೇಕು. ಎರಡು ಕಚ್ಚು ಇರುವ ರಿಂಗಿಗೆ, ಆ ಕಚ್ಚುಗಳಿಗೆ ಕೂರುವ ಎರಡು ತುದಿಯ ಲೆನ್ಸ್ ಸ್ಪ್ಯಾನರ್ ಬೇಕು. ಅದಕ್ಕೆ ದುಡ್ಡು ಹಾಕಿ. ನಾನು ಒಮ್ಮೆ ಜಾಣತನ ಮಾಡಿ ಕಂಪಾಸ್ ಬಾಕ್ಸಿನ ಡಿವೈಡರ್ ಹಾಕಿದ್ದೆ. ಜಾರಿತು. ಗಾಜಿನ ಮೇಲೆ ಈ ಕಡೆಯಿಂದ ಆ ಕಡೆಗೆ ಗೆರೆ. ಆ ಲೆನ್ಸ್ ನಮ್ಮ ಮನೆಯಲ್ಲಿ ಈಗ ಪೇಪರ್ ವೇಟ್.

ಸ್ಕ್ರೂಡ್ರೈವರ್ ಬಗ್ಗೆ ಒಂದು ಮಾತು. ಜಪಾನಿನ ಹಳೆಯ ಸಾಮಾನಿಗೆ ಜೆಐಎಸ್ ಅಂತ ಬೇರೆ ಜಾತಿಯ ತುದಿ ಬೇಕು. ನೋಡಲು ಸ್ಟಾರ್ ಥರವೇ ಇದೆ, ಆದರೆ ಸ್ಟಾರ್ ಹಾಕಿ ತಿರುಗಿಸಿದರೆ ಜಾರಿ ಸ್ಕ್ರೂ ತಲೆ ಸವೆಯುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಕೇಳಿ ನೋಡಿ.

ದೊಡ್ಡ ತಟ್ಟೆಯಲ್ಲಿ ಟವೆಲ್ ಹಾಸಿ ಕೆಲಸ ಮಾಡಿ. ಬಿದ್ದ ಸ್ಕ್ರೂ ಪುಟಿಯುವುದಿಲ್ಲ. ಮೊಟ್ಟೆ ಟ್ರೇ ಇಟ್ಟುಕೊಂಡು ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಂಡಿಗೆ ಹಾಕುತ್ತಾ ಹೋಗಿ. ಗಾಜಿನ ಪಕ್ಕದ ಅಂಚಿಗೆ ಪೆನ್ಸಿಲ್‌ನಿಂದ ಮುಂದೆ ಯಾವುದು ಅಂತ ಬಾಣ ಹಾಕಿ. ಇದನ್ನು ಯಾರೂ ಹಾಕುವುದಿಲ್ಲ, ಆಮೇಲೆ ಎಲ್ಲರೂ ಅಳುತ್ತಾರೆ. ಮೊಬೈಲ್ ಮೇಲೆ ನಿಲ್ಲಿಸಿ ವಿಡಿಯೋ ಮಾಡಿಕೊಳ್ಳಿ.

ಕುಂದಾಪ್ರ ಮಾಣಿ · ಜೂನ್ 18, ಸಂಜೆ 7:25

ಮಾರಾಯ್ರೆ, ಏನು ಮಾಡಬಾರದು ಅಂತ ಹೇಳಲು ನನ್ನಷ್ಟು ಅನುಭವ ಯಾರಿಗೂ ಇಲ್ಲ.

ಒಂದು, ಟೂತ್‌ಪೇಸ್ಟ್. ಫಂಗಸ್ ಕಲೆ ಹೋಗಲಿಲ್ಲ ಅಂತ ಟೂತ್‌ಪೇಸ್ಟ್ ಹಾಕಿ ಉಜ್ಜಿದೆ. ಕಲೆ ಹೋಯಿತು. ಜೊತೆಗೆ ಲೆನ್ಸಿನ ನೇರಳೆ ಬಣ್ಣದ ಕೋಟಿಂಗ್ ಕೂಡ ಹೋಯಿತು. ನಡುವೆ ಬೋಳು, ಸುತ್ತ ನೇರಳೆ, ನಮ್ಮ ಸೋದರಮಾವನ ತಲೆ ಥರ.

ಎರಡು, ಬಿಸಿಲು. ಹಳೆಯ ಟಕುಮಾರ್ 50 ಎಫ್ 1.4 ಲೆನ್ಸ್ ಇದೆ ನನ್ನಲ್ಲಿ. ಅದರ ಗಾಜಿನಲ್ಲಿ ವಿಕಿರಣ ಸೂಸುವ ಥೋರಿಯಂ ಇರುವುದರಿಂದ ವರ್ಷ ಕಳೆದಂತೆ ಚಹಾ ಬಣ್ಣಕ್ಕೆ ತಿರುಗುತ್ತದೆ. ಬಿಸಿಲಿಗಿಟ್ಟರೆ ಹಳದಿ ಇಳಿಯುತ್ತದೆ ಎಂದು ಓದಿದ್ದೆ. ಅದು ಸುಳ್ಳಲ್ಲ, ಕೆಲವು ವಾರದಲ್ಲಿ ಚೆನ್ನಾಗಿ ಇಳಿಯಿತು. ಆದರೆ ಲೆನ್ಸ್ ಅಂದರೆ ಭೂತಗನ್ನಡಿಯೇ ಅಲ್ವಾ? ಮೊದಲನೇ ದಿನವೇ ಕಿಟಕಿ ಪರದೆ ಸುಟ್ಟು ಎಂಟಾಣೆ ಅಗಲದ ತೂತು. ಅಮ್ಮ ಮನೆಯಲ್ಲಿ ಇದ್ದದ್ದಕ್ಕೆ ಮನೆ ಉಳಿಯಿತು. ಈಗ ಹಿಂದಿನ ಬದಿಗೆ ಅಡುಗೆಮನೆಯ ಫಾಯಿಲ್ ಹಾಕಿ ಇಡುತ್ತೇನೆ.

ಲ್ಯಾಬ್ ಮೇಡಂ · ಜೂನ್ 18, ಸಂಜೆ 7:50

ಆ ಥೋರಿಯಂ ಗಾಜನ್ನು ಉಜ್ಜುವುದು, ಪಾಲಿಶ್ ಮಾಡುವುದು ಬೇಡವೇ ಬೇಡ. ಸುಮ್ನೆ ಇದ್ದರೆ ತೊಂದರೆ ಇಲ್ಲ, ಪುಡಿ ಒಳಗೆ ಹೋಗಬಾರದು.

ಶಿರಸಿ ಸೋನೆ · ಜೂನ್ 22, ರಾತ್ರಿ 10:15

ಹೆಸರಿನ ರಿಂಗ್ ಬಿಚ್ಚಿತು. ಅದರ ಒಳಗಿನ ಗುಂಪು ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ. ಬಿರಡೆ ಒತ್ತಿ ಒತ್ತಿ ಅಂಗೈ ಕೆಂಪಾಯಿತು. ಇಕ್ಕಳ ಹಾಕಲಾ?

ತಿರುಪುಮೊಳೆ · ಜೂನ್ 22, ರಾತ್ರಿ 10:18

ಇಕ್ಕಳ ಕೆಳಗಿಡ್ರಿ!

ತೆಳ್ಳಗಿನ ರಿಂಗನ್ನು ಎರಡು ಬದಿಯಿಂದ ಹಿಂಡಿದರೆ ಅದು ಮೊಟ್ಟೆಯ ಆಕಾರಕ್ಕೆ ತಿರುಗಿ ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಮೇಲಿನಿಂದ ನೇರ ಒತ್ತಿ ತಿರುಗಿಸಬೇಕು, ಹಿಂಡಬಾರದು. ಮೊದಲು ಸುತ್ತ ನೋಡಿ, ಪಕ್ಕದಲ್ಲಿ ಸಣ್ಣ ತಲೆಯಿಲ್ಲದ ಸ್ಕ್ರೂ ಇದೆಯಾ? ಎಷ್ಟೋ ಸಲ ಅದು ತಡೆದಿರುತ್ತದೆ, ನಾವು ಸುಮ್ನೆ ಕುಸ್ತಿ ಆಡುತ್ತೇವೆ.

ಇಲ್ಲದಿದ್ದರೆ ವೈಟ್ ಪೆಟ್ರೋಲ್. ವಾಚ್ ರಿಪೇರಿಯವರ ಹತ್ತಿರ ಕೇಳಿ, ಕೊಡುತ್ತಾರೆ. ಬಂಕಿನ ಪೆಟ್ರೋಲ್ ಬೇಡ, ಅದು ಆರಿದ ಮೇಲೆ ಜಿಡ್ಡು ಉಳಿಸುತ್ತದೆ. ಸೂಜಿ ತುದಿಯಲ್ಲಿ ಒಂದು ಹನಿ ತೆಗೆದು ತ್ರೆಡ್ಡಿನ ಸಂದಿಗೆ ಮುಟ್ಟಿಸಿ. ಹನಿ ತಾನೇ ಎಳೆದುಕೊಳ್ಳುತ್ತದೆ. ರಾತ್ರಿ ಬಿಟ್ಟುಬಿಡಿ. ಹತ್ತಿರ ಬೀಡಿ, ದೀಪ ಏನೂ ಬೇಡ. ಬೆಳಿಗ್ಗೆ ಹೇರ್ ಡ್ರೈಯರ್‌ನಲ್ಲಿ ಹೊರಗಿನ ರಿಂಗನ್ನು ಕೈಗೆ ಬೆಚ್ಚಗೆ ಅನ್ನಿಸುವಷ್ಟು ಮಾತ್ರ ಬಿಸಿ ಮಾಡಿ ಪ್ರಯತ್ನಿಸಿ. ಜಾಸ್ತಿ ಬಿಸಿ ಮಾಡಿದರೆ ಮೇಡಂ ಹೇಳಿದ ರಾಳ ಮೆತ್ತಗಾಗುತ್ತದೆ.

ಅಷ್ಟಕ್ಕೂ ಬರದಿದ್ದರೆ ಮತ್ತೊಂದು ಹನಿ, ಮತ್ತೊಂದು ರಾತ್ರಿ. ಇದರಲ್ಲಿ ಬಲಕ್ಕಿಂತ ನಿದ್ದೆ ಮುಖ್ಯ.

ಮಸ್ಕತ್ ಮರಳು · ಜೂನ್ 23, ಬೆಳಿಗ್ಗೆ 11:05

ನಮ್ಮ ಕಡೆ ಕಥೆ ಬೇರೆ. ಒಳನಾಡಿಗೆ ಹೋದರೆ ಮರಳೇ ಮರಳು. ಫೋಕಸ್ ತಿರುಗಿಸಿದರೆ ರಾಗಿ ಬೀಸಿದ ಸದ್ದು. ಒಂದೇ ಮಾತು ಸೇರಿಸುತ್ತೇನೆ: ಒರೆಸುವ ಮೊದಲು ರಬ್ಬರ್ ಬ್ಲೋವರ್‌ನಿಂದ ಚೆನ್ನಾಗಿ ಊದಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಒಂದು ಕಣ ಮರಳು ಬಟ್ಟೆಗೆ ಸಿಕ್ಕಿದರೆ ಗಾಜಿನ ಮೇಲೆ ರಂಗೋಲಿ ಹಾಕಿದಂತೆ.

ಶಿರಸಿ ಸೋನೆ · ಜೂನ್ 26, ರಾತ್ರಿ 11:50

ಬಿಚ್ಚಿತು! ಎರಡು ರಾತ್ರಿ, ಮೂರು ಹನಿ. ತಿರುಪುಮೊಳೆಯವರೇ, ಮೊದಲ ಕಾಲು ಸುತ್ತು ತಿರುಗಿದಾಗ "ಟಿಕ್" ಅಂತ ಸದ್ದು ಬಂತು. ಒಡೆಯಿತು ಅಂತಲೇ ಅಂದುಕೊಂಡೆ.

ಒಳಗೆ ನೀವೆಲ್ಲ ಹೇಳಿದ ಹಾಗೇ ಇತ್ತು. ಅಪರ್ಚರಿನ ಎರಡೂ ಕಡೆಯ ಗಾಜಿನ ಮೇಲೆ ಬೆವರಿನ ಥರ ಪದರ. ಇಯರ್ ಬಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಿದೆ. ಮೊದಲ ಸಲ ಎಣ್ಣೆ ಬರೀ ಜರುಗಿತು. ಪ್ರತಿ ಸಲ ಹೊಸ ಬಡ್ ತೆಗೆದುಕೊಂಡೆ, ಐದನೆಯದಕ್ಕೆ ಗಾಜು ಸ್ವಚ್ಛ. ಬಾಯಿಂದ ಹಬೆ ಬಿಟ್ಟು ನೋಡಿದೆ. ಹಬೆ ಸಮನಾಗಿ ಕೂತು ಸಮನಾಗಿ ಆರಿದರೆ ಜಿಡ್ಡು ಹೋಗಿದೆ ಅಂತ ಎಲ್ಲೋ ಓದಿದ್ದೆ.

ಫಂಗಸ್ ಇದ್ದದ್ದು ಮುಂದಿನ ಒಂಟಿ ಗಾಜಿನ ಒಳಮುಖದಲ್ಲಿ. ಪೆರಾಕ್ಸೈಡಿನಲ್ಲಿ ಇಪ್ಪತ್ತು ನಿಮಿಷ ಇಟ್ಟೆ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬೆರಳ ತುದಿಯಿಂದಲೇ ತೊಳೆದು, ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿದೆ. ಬಲೆ ಹೋಯಿತು. ಆದರೆ ಓರೆಯಾಗಿ ಹಿಡಿದರೆ ಬಲೆ ಇದ್ದ ಜಾಗದಲ್ಲಿ ಕೂದಲೆಳೆಯಂಥ ಗೆರೆ ಈಗಲೂ ಕಾಣುತ್ತದೆ. ಇದಕ್ಕೇನು ಮಾಡುವುದು?

ಎರಡನೇ ವಿಷಯ, ಇದೇ ದೊಡ್ಡದು. ಜೋಡಿಸಿ ಪ್ರಿಂಟ್ ಹಾಕಿದೆ. ಬಿಳಿ ಬೆಳ್ಳಗಾಗಿದೆ, ಖುಷಿಯಿಂದ ಕುಣಿದೆ. ಆಮೇಲೆ ಮೂಲೆ ನೋಡಿದೆ. ನಡುವೆ ಪರವಾಗಿಲ್ಲ, ನಾಲ್ಕೂ ಮೂಲೆಯಲ್ಲಿ ಗ್ರೇನ್ (ಫಿಲ್ಮಿನ ಸಣ್ಣ ಕಾಳು) ಎಳೆದ ಹಾಗಾಗಿದೆ. ಎಫ್ 8ಕ್ಕೆ ಇಳಿಸಿದರೂ ಹಾಗೇ. ಮೊದಲು ಹೀಗಿರಲಿಲ್ಲ. ದೊಡ್ಡಪ್ಪ ಲೂಪ್ ಹಿಡಿದು ನೋಡಿ "ಹ್ಞೂಂ" ಅಂದರು. ಆ "ಹ್ಞೂಂ" ನನಗೆ ನಿದ್ದೆ ಮಾಡಲು ಬಿಡುತ್ತಿಲ್ಲ.

ಕತ್ತಲಕೋಣೆ · ಜೂನ್ 27, ಬೆಳಿಗ್ಗೆ 6:05

ಗಾಬರಿ ಬೇಡ. ನೂರಕ್ಕೆ ತೊಂಬತ್ತು ಪಾಲು ಆ ಒಂಟಿ ಗಾಜನ್ನು ತಿರುಗುಮುರುಗು ಕೂರಿಸಿದ್ದೀರಿ. ಪೆನ್ಸಿಲ್ ಬಾಣ ಹಾಕಿದ್ದಿರಾ? ಹಾಕಿದ್ದರೂ ತೊಳೆಯುವಾಗ ಹೋಗಿರುತ್ತದೆ.

ನಿಮ್ಮ ಲೆನ್ಸಿನ ಥರದ್ದರಲ್ಲಿ ಅಪರ್ಚರನ್ನು ನಡುಮನೆ ಅಂದುಕೊಳ್ಳಿ. ಮುಂದಿನ ಒಂಟಿ ಗಾಜಿನ ಜಾಸ್ತಿ ಉಬ್ಬಿದ ಮುಖ ಬೀದಿಗೆ, ಅಂದರೆ ಹೊರಗೆ. ಚಪ್ಪಟೆ ಅಥವಾ ತಗ್ಗಿನ ಮುಖ ನಡುಮನೆಗೆ. ಯಾವುದು ಜಾಸ್ತಿ ಉಬ್ಬು ಅಂತ ಕೈಗೆ ಗೊತ್ತಾಗದಿದ್ದರೆ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಹೆಚ್ಚು ಉಬ್ಬಿದ ಮುಖದಲ್ಲಿ ಟ್ಯೂಬ್ ಚಿಕ್ಕದಾಗಿ ಕಾಣುತ್ತದೆ. ಗಾಜಿನ ನಡುವೆ ಅಂತರ ಕೊಡುವ ರಿಂಗ್ ಇದ್ದರೆ ಅದಕ್ಕೂ ಮೇಲು-ಕೆಳಗು ಇರುತ್ತದೆ, ವಿಡಿಯೋ ನೋಡಿ. ಕೂರಿಸುವಾಗ ಗಾಜು ಓರೆಯಾಗಿ ಸಿಕ್ಕಿಕೊಳ್ಳದಂತೆ ಕೊಳವೆಯನ್ನೇ ಗಾಜಿನ ಮೇಲೆ ಇಳಿಸಿ. ಇಡ್ಲಿ ತಟ್ಟೆ ಮುಚ್ಚಿದ ಹಾಗೆ.

ಕೂದಲೆಳೆ ಗೆರೆ: ಅದು ಫಂಗಸ್ ಅಲ್ಲ, ಫಂಗಸ್ ಬಿಟ್ಟ ಆಮ್ಲ ಕೋಟಿಂಗನ್ನು ತಿಂದ ಗುರುತು. ಹೋಗುವುದಿಲ್ಲ. ಮಾಣಿಯವರ ಟೂತ್‌ಪೇಸ್ಟ್ ನೆನಪಿರಲಿ. ಪ್ರಿಂಟಿನಲ್ಲಿ ಅದು ನಿಮ್ಮ ಕಣ್ಣಿಗೆ ಬಿದ್ದರೆ ನನಗೆ ಹೇಳಿ, ನಾನು ಮೈಸೂರಿನಿಂದ ಬಂದು ನೋಡುತ್ತೇನೆ.

ಇನ್ನೊಂದು. ಎನ್‌ಲಾರ್ಜರಿನ ತಲೆ ತೆಗೆದು, ಬಲ್ಬಿನ ಬೆಳಕನ್ನು ನೆಗೆಟಿವ್ ಮೇಲೆ ಸಮನಾಗಿ ಬೀಳಿಸುವ ಕಂಡೆನ್ಸರ್ ಗಾಜನ್ನೂ ಒರೆಸಿಬಿಡಿ. ಯಾರೂ ಅದರ ಮುಖ ನೋಡುವುದಿಲ್ಲ. ನಾನು ತೆರೆದ ಒಂದರಲ್ಲಿ ಹಲ್ಲಿ ಮೊಟ್ಟೆ ಇತ್ತು.

ಶಿರಸಿ ಸೋನೆ · ಜೂನ್ 28, ರಾತ್ರಿ 9:30

ತಿರುಗುಮುರುಗೇ ಆಗಿತ್ತು. ವಿಡಿಯೋ ನೋಡಿದೆ. ಆ ಗಾಜು ಹೊರಬರುವ ಹೊತ್ತಿಗೆ ಸರಿಯಾಗಿ ನನ್ನ ತಲೆ ಅಡ್ಡ ಬಂದಿದೆ.

ಈಗ ಮೂಲೆಯಲ್ಲೂ ಗ್ರೇನ್ ಚೂಪು. ಟೇಪ್ ಪರೀಕ್ಷೆ ಮತ್ತೆ ಮಾಡಿದೆ. ಟೇಪಿನ ಜಾಗ ಈಸೆಲ್ ಅಂಚಿನಷ್ಟೇ ಬೆಳ್ಳಗಿದೆ. ನಾಲ್ಕನೇ ಗ್ರೇಡ್ ಬೇಕಿದ್ದ ನೆಗೆಟಿವಿಗೆ ಈಗ ಎರಡೂವರೆ ಸಾಕು.

ಇನ್ನು ಹೆಲಿಯೋಸ್. ಇದೇ ಧೈರ್ಯದಲ್ಲಿ ಅದನ್ನೂ ಬಿಚ್ಚಿಬಿಡಲಾ?

ಹೆಲಿಯೋಸ್ ಹುಚ್ಚ · ಜೂನ್ 28, ರಾತ್ರಿ 9:41

ಈ ಸಲ ನಾನು ನಿಧಾನವಾಗಿ ಹೇಳುತ್ತೇನೆ.

ಹೆಲಿಯೋಸ್ 44-2 ಒಳ್ಳೆಯ ಗಟ್ಟಿ ಲೆನ್ಸು. ಯುದ್ಧಕ್ಕೆ ಮುಂಚಿನ ಜರ್ಮನ್ ಬಿಯೋಟಾರ್ 58 ಎಫ್ 2 ವಿನ್ಯಾಸದಿಂದ ಸೋವಿಯತ್‌ನವರು ಮಾಡಿಕೊಂಡದ್ದು. ಎಂಟು ಬ್ಲೇಡ್, ಎರಡು ಅಪರ್ಚರ್ ರಿಂಗ್. ಗಾಜು ಬಿಚ್ಚುವುದು ಕಷ್ಟವಿಲ್ಲ. ಆದರೆ ನಿಮಗೆ ಬೇಕಿರುವುದು ಗಾಜಲ್ಲ, ಗ್ರೀಸು. ಅದಕ್ಕೆ ಹೆಲಿಕಾಯ್ಡ್ ಕಳಚಬೇಕು. ಫೋಕಸ್ ಮಾಡುವಾಗ ಒಂದರೊಳಗೆ ಒಂದು ತಿರುಗುವ ದಪ್ಪ ತ್ರೆಡ್ ಇದೆಯಲ್ಲ, ಅದು. ಅದಕ್ಕೆ ಹಿಡಿಯುವ ಬಾಯಿ ಒಂದಲ್ಲ, ಹಲವು. ಯಾವ ಬಾಯಿಯಿಂದ ಹೊರಬಂತೋ ಅದೇ ಬಾಯಿಗೆ ಸೇರಿಸಬೇಕು. ಬೇರೆ ಬಾಯಿಗೆ ಸೇರಿಸಿದರೂ ಚೆನ್ನಾಗಿಯೇ ತಿರುಗುತ್ತದೆ, ಅದೇ ಮೋಸ. ಕೊನೆಗೆ ದೂರದ ಗುಡ್ಡ ಫೋಕಸ್ ಆಗುವುದಿಲ್ಲ.

ನಾನು ಗುರುತು ಹಾಕದೆ ಬಿಚ್ಚಿದ್ದೆ. ಒಂದು ಭಾನುವಾರ ಪೂರ್ತಿ ಸೇರಿಸಿ, ನೋಡಿ, ಬಿಚ್ಚಿ, ಮತ್ತೆ ಸೇರಿಸಿ... ಊಟಕ್ಕೂ ಏಳಲಿಲ್ಲ. ನಿಧಾನ ತಿರುಗಿಸುತ್ತಾ, ಕಳಚಿಕೊಳ್ಳುವ ಕ್ಷಣಕ್ಕೆ ನಿಲ್ಲಿಸಿ, ಎರಡೂ ಭಾಗಕ್ಕೆ ಸೂಜಿಯಿಂದ ಗೀರು ಹಾಕಿ. ಫೋಟೋ ಕೂಡ ತೆಗೆಯಿರಿ.

ತಿರುಪುಮೊಳೆ · ಜೂನ್ 28, ರಾತ್ರಿ 10:10

ಹುಚ್ಚ ತಮ್ಮಾ, ಈಗ ದಾರಿಗೆ ಬಂದೆ ನೋಡು.

ಹಳೆಯ ಗ್ರೀಸ್ ಪೂರ್ತಿ ಹೋಗುವವರೆಗೆ ವೈಟ್ ಪೆಟ್ರೋಲಿನಲ್ಲಿ ಹಳೆಯ ಟೂತ್‌ಬ್ರಶ್ ಹಾಕಿ ತಿಕ್ಕಿ. ಹಳೆಯದರ ಮೇಲೆ ಹೊಸದು ಬಳಿಯಬೇಡಿ. ಹೊಸ ಗ್ರೀಸ್ ತೆಳ್ಳಗೆ, ಕಣ್ಣಿಗೆ ಕಾಣುವಷ್ಟು ಇದ್ದರೆ ಸಾಕು. ಗಾಡಿ ಗ್ರೀಸ್ ಬೇಡ, ಹೊಲಿಗೆ ಮಷಿನ್ ಎಣ್ಣೆ ಅಂತೂ ಬೇಡವೇ ಬೇಡ. ಎರಡು ಬೇಸಿಗೆಯಲ್ಲಿ ಅದು ಬ್ಲೇಡಿಗೆ ಇಳಿದು, ಗಾಜಿಗೆ ಹಾರಿ, ಮತ್ತೆ ನಿಮ್ಮ ದೊಡ್ಡಪ್ಪನ ಲೆನ್ಸಿನ ಕಥೆಯೇ.

ಆಮೇಲೆ ದೂರದ ಫೋಕಸ್ ನೋಡಲು ಕ್ಯಾಮೆರಾದ ಹಿಂಬಾಗಿಲು ತೆಗೆದು, ಫಿಲ್ಮ್ ಕೂರುವ ಜಾಗದಲ್ಲಿ ಟ್ರೇಸಿಂಗ್ ಪೇಪರ್ ಬಿಗಿಯಾಗಿ ಅಂಟಿಸಿ. ಶಟರ್ ಬಿ ಗೆ ಹಾಕಿ ತೆರೆದಿಟ್ಟು ದೂರದ ಮೊಬೈಲ್ ಟವರ್ ನೋಡಿ. ಸಂಜೆ ಹೊತ್ತು ದೀಪ ಹತ್ತಿದಾಗ ಚೆನ್ನಾಗಿ ಗೊತ್ತಾಗುತ್ತದೆ.

ಕುಂದಾಪ್ರ ಮಾಣಿ · ಜೂನ್ 29, ಬೆಳಿಗ್ಗೆ 7:40

ಸೋನೆಯವರೇ, ತೊಳೆದದ್ದಾಯಿತು. ಇಡುವುದೆಲ್ಲಿ? ಶಿರಸಿಯ ಮಳೆಗಾಲ ನಮ್ಮ ಕರಾವಳಿಯದ್ದಕ್ಕೆ ಕಡಿಮೆ ಏನಲ್ಲ. ಅದೇ ಪೆಟ್ಟಿಗೆಗೆ ಹಾಕಿದರೆ ಬರುವ ವರ್ಷ ಇದೇ ಜಾಗದಲ್ಲಿ ನಿಮ್ಮನ್ನು ನೋಡಬೇಕಾಗುತ್ತದೆ.

ಲೆದರ್ ಕೇಸ್ ಇದ್ದರೆ ಈಗಲೇ ಬೇರೆ ಮಾಡಿ. ಚರ್ಮ, ಮಖಮಲ್ಲು ಎರಡೂ ತೇವ ಕುಡಿದು ಕೂರುತ್ತವೆ. ಲೆನ್ಸನ್ನು ಪ್ರೀತಿಯಿಂದ ಲೆದರ್ ಕೇಸಿನಲ್ಲಿ ಇಟ್ಟವರ ಲೆನ್ಸಿಗೇ ಬೂಷ್ಟು ಜಾಸ್ತಿ.

ನಮ್ಮ ಅಜ್ಜ ಕ್ಯಾಮೆರಾ ಕಪಾಟಿನಲ್ಲಿ ಝೀರೋ ಬಲ್ಬ್ ಉರಿಸಿ ಇಡುತ್ತಿದ್ದರು. ಹೆಸರಿಗೆ ಝೀರೋ, ಎಳೆಯುವುದು ಹದಿನೈದು ವ್ಯಾಟ್ ಹತ್ತಿರ. ಆ ಬಿಸಿಗೇ ಕಪಾಟು ಒಣಗಿರುತ್ತಿತ್ತು. ಅಜ್ಜನನ್ನು ನೋಡಿ ನಾನೂ ಝೀರೋ ಬಲ್ಬ್ ಹಾಕಿದೆ, ಎಲ್ಇಡಿ. ಬೆಳಕು ಬಂತು, ಬಿಸಿ ಎಲ್ಲಿಂದ ಬರಬೇಕು? ಒಂದು ಮಳೆಗಾಲ ಪೂರ್ತಿ ಬೂಷ್ಟಿಗೆ ದೀಪ ಹಿಡಿದೆ.

ಲ್ಯಾಬ್ ಮೇಡಂ · ಜೂನ್ 29, ಬೆಳಿಗ್ಗೆ 9:20

ರಬ್ಬರ್ ಪಟ್ಟಿ ಇರುವ ಗಾಳಿಯಾಡದ ಅಡುಗೆ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮೀಟರ್. ಮೀಟರ್ 40ರಿಂದ 50ರ ನಡುವೆ ಇದ್ದರೆ ಸಾಕು. 60 ದಾಟಿ ಹೋದರೆ ಫಂಗಸ್ ಬೆಳೆಯಲು ದಾರಿ. ಬೀಜ ಗಾಳಿಯಲ್ಲೇ ಇದೆ, ಎಷ್ಟು ತೊಳೆದರೂ ಮತ್ತೆ ಬಂದು ಕೂರುತ್ತದೆ. ತೀರಾ ಒಣಗಿಸುವುದೂ ಬೇಡ, ಗ್ರೀಸಿಗೆ ಒಳ್ಳೆಯದಲ್ಲ.

ನೀಲಿ ಕಾಳು ಗುಲಾಬಿ ಆದರೆ ಜೆಲ್ ನೀರು ಕುಡಿದಿದೆ ಅಂತ ಅರ್ಥ. ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಓವನ್‌ನಲ್ಲಿಟ್ಟರೆ ಮತ್ತೆ ನೀಲಿ. ಆದರೆ ಆ ನೀಲಿ ಬಣ್ಣ ಕೋಬಾಲ್ಟ್ ಉಪ್ಪಿನದು, ಅಡುಗೆಯ ಪಾತ್ರೆ, ಅಡುಗೆಯ ಓವನ್ ಬಳಸಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಕಿತ್ತಳೆ ಬಣ್ಣದ್ದನ್ನು ತನ್ನಿ.

ಶಿರಸಿ ಸೋನೆ · ಜುಲೈ 20, ಸಂಜೆ 6:30

ತಡವಾಗಿ ಬರೆಯುತ್ತಿದ್ದೇನೆ, ಮಳೆಗೆ ಕರೆಂಟೇ ಇರಲಿಲ್ಲ.

ಮೊನ್ನೆ ಕರೆಂಟ್ ಬಂದಾಗ ದೊಡ್ಡಪ್ಪ ತಾವೇ ಒಂದು ನೆಗೆಟಿವ್ ಹುಡುಕಿ ತಂದರು. ಸ್ಟುಡಿಯೋದ ಕೊನೆಯ ವರ್ಷಗಳದ್ದು, ಯಾರದೋ ಮದುವೆಯ ಗುಂಪು ಫೋಟೋ. ಬಚ್ಚಲಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ನನಗೆ ಏನೂ ಮುಟ್ಟಲು ಬಿಡಲಿಲ್ಲ. ಎಫ್ 5.6, ಹನ್ನೆರಡು ಸೆಕೆಂಡ್, ಬಾಯಲ್ಲೇ ಎಣಿಸಿದರು. ಡೆವಲಪರಿನಲ್ಲಿ ಚಿತ್ರ ಏಳುವಾಗ ಟ್ರೇ ಅಲ್ಲಾಡಿಸುವುದನ್ನು ಮರೆತು ನೋಡುತ್ತಾ ನಿಂತರು. ಮುಂದಿನ ಸಾಲಿನಲ್ಲಿ ಕೂತ ಏಳು ಜನ ಹಿರಿಯರ ಪಂಚೆ ಬೆಳ್ಳಗೆ, ನಿರಿಗೆ ಎಣಿಸಬಹುದು ಹಾಗೆ ಬಂತು.

ತೊಳೆದು ನೇತು ಹಾಕಿದ ಮೇಲೆ ಬಹಳ ಹೊತ್ತು ಅದರ ಮುಂದೆಯೇ ನಿಂತಿದ್ದರು. ಆಮೇಲೆ ಅಂದರು:

"ಹಾಗಾದರೆ ಪಾಪ, ಆ ಪೇಪರಿನವನದ್ದು ಏನೂ ತಪ್ಪಿರಲಿಲ್ಲ."

ಹೆಲಿಯೋಸ್ ಹುಚ್ಚ · ಜುಲೈ 20, ಸಂಜೆ 6:44

ಆಹಾ. ಹೆಲಿಯೋಸ್ ಏನಾಯಿತು?

ಶಿರಸಿ ಸೋನೆ · ಜುಲೈ 20, ಸಂಜೆ 7:02

ಮೇಡಂ ಹೇಳಿದ ಡಬ್ಬಿಯಲ್ಲಿದೆ. ಮೀಟರ್ 46 ತೋರಿಸುತ್ತಿದೆ. ಮಳೆ ನಿಂತ ಮೇಲೆ ನೋಡೋಣ. ಸದ್ಯಕ್ಕೆ ದೊಡ್ಡಪ್ಪನಿಗೆ ಆ ಪೇಪರಿನವನ ಫೋನ್ ನಂಬರ್ ಬೇಕಂತೆ, ಹುಡುಕುತ್ತಿದ್ದೇನೆ.